ಮುಳುಗಿದ ಊರಿನ ದೆವ್ವಗಳಿಗೂ ಒಂದು ಪುಟ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಮೂರು ಸಾಲಿನ ಪ್ರಕಟಣೆಯೊಂದು ಬಂದಿತ್ತು. ದೆವ್ವದ ಕತೆ, ಭಯದ ಕತೆ ಬರೆಯುವವರು ವಿಜಯಪುರದಲ್ಲಿ ಶನಿವಾರ, ಭಾನುವಾರ ಸೇರುತ್ತಾರೆ, ಬರೆದದ್ದಿದ್ದರೆ ತನ್ನಿರಿ ಎಂದಿತ್ತು. ಅದನ್ನು ಕತ್ತರಿಸಿ ಅಳತೆ ಪುಸ್ತಕದಲ್ಲಿ ಇಟ್ಟುಕೊಂಡೆ. ಆ ಮೂರು ಸಾಲು ಹಾಕಿದ್ದಕ್ಕೆ ಮೊದಲು ನಿಮಗೆ ಧನ್ಯವಾದ ಹೇಳಬೇಕು. ಅಲ್ಲಿಗೆ ಹೋಗಿ ಬಂದ ಮೇಲೆ ನಿಮ್ಮಲ್ಲಿ ಒಂದು ಬೇಡಿಕೆ ಇಡಬೇಕು ಅನಿಸಿತು, ಅದಕ್ಕೇ ಈ ಪತ್ರ.

ನಾನು ಬಾಗಲಕೋಟೆಯ ನವನಗರದಲ್ಲಿ ಕುಬಸ ಹೊಲಿಯುವವಳು. ಮೂವತ್ತು ವರ್ಷದಿಂದ ಇದೇ ಕೆಲಸ. ಗುಳೇದಗುಡ್ಡದ ಖಣದ ಕುಬಸ, ಇಳಕಲ್ಲ ಸೀರೆಗೆ ಫಾಲ್, ಮದುವೆ ದಿನಗಳಲ್ಲಿ ಕಟೋರಿ ಬ್ಲೌಸು. ರಾತ್ರಿ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿದ ಮೇಲೆ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕತೆ ಬರೆಯುತ್ತೇನೆ. ಎಲ್ಲವೂ ದೆವ್ವದ ಕತೆ. ಹೊರಗೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲವರು ನಗುತ್ತಾರೆ, ಉಳಿದವರು ‘ಸಂಜಿ ಹೊತ್ನ್ಯಾಗ ಅವನ್ನ ಯಾಕ ನೆನಸ್ತೀಯವ್ವಾ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಬಸ್ಸು ಕೊಲ್ಹಾರದ ಸೇತುವೆ ದಾಟುವಾಗ ಎರಡೂ ಕಡೆ ನೀರೇ ನೀರು, ಆಲಮಟ್ಟಿ ಆಣೆಕಟ್ಟಿನ ಹಿನ್ನೀರು. ಆ ನೀರನ್ನು ನೋಡಿದಾಗಲೆಲ್ಲ ನನಗೆ ಕೆಳಗಿರುವ ಹೊಲ, ಗುಡಿ, ಓಣಿ ಕಾಣುತ್ತವೆ. ಕೊಲ್ಹಾರವೂ ನಮ್ಮ ಹಾಗೆ ನೀರಿಗೆ ಜಾಗ ಬಿಟ್ಟು ಮೇಲೆ ಬಂದ ಊರು. ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳು ಗಡಿಗೆ ಮೊಸರು ಮಾರುತ್ತಿದ್ದರು. ಒಂದು ಗಡಿಗೆ ಕೊಂಡು ತೊಡೆಯ ಮೇಲಿಟ್ಟುಕೊಂಡೆ, ಕೈ ನಡುಗುವುದು ನಿಲ್ಲಲಿ ಎಂದು.

ಸಭೆ ಇದ್ದದ್ದು ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳನ್ನು ನೋಡುತ್ತ ನಿಂತುಬಿಟ್ಟೆ. ತಿರುಗಿ ಹೋಗಿಬಿಡುತ್ತಿದ್ದೆನೋ ಏನೋ, ಮೇಲಿನಿಂದ ಕಾಲೇಜು ಹುಡುಗಿಯೊಬ್ಬಳು ಬಗ್ಗಿ ನೋಡಿ, ‘ಅಕ್ಕಾರ, ಕತಿ ತಂದೀರೇನ್ರಿ? ಬರ್ರಿ, ಕುರ್ಚಿ ಅದಾವ’ ಎಂದಳು. ಮೊಸರಿನ ಗಡಿಗೆಯನ್ನೂ ಅವಳೇ ಇಸಿದುಕೊಂಡಳು.

ಒಳಗೆ ಇಪ್ಪತ್ತಾರು ಜನ. ರಾತ್ರಿ ಪಾಳಿಯ ಬಸ್ ಕಂಡಕ್ಟರ್ ಒಬ್ಬರು, ದವಾಖಾನೆಯ ನರ್ಸ್ ಒಬ್ಬರು, ಅಥಣಿ ಕಡೆಯ ಸೊಸೈಟಿ ಗುಮಾಸ್ತ, ಇಂಗ್ಲಿಷ್ ಕಲಿಸುವ ಮೇಷ್ಟ್ರು, ಸಿಂದಗಿ ಕಡೆಯಿಂದ ಬಂದ ಎಪ್ಪತ್ತು ದಾಟಿದ ಯಜಮಾನರು. ಕಂಡಕ್ಟರು ಬರೆಯುವುದು ಕೊನೆಯ ಬಸ್ಸಿನ ಕತೆಗಳನ್ನು. ಟಿಕೆಟ್ ಲೆಕ್ಕಕ್ಕೂ ಕುಳಿತ ತಲೆಗೂ ಒಂದು ವ್ಯತ್ಯಾಸ ಬರುತ್ತದೆ, ಎಷ್ಟು ಸಲ ಎಣಿಸಿದರೂ ಒಂದು ತಲೆ ಹೆಚ್ಚು. ಇಷ್ಟೇ ಕತೆ. ರಕ್ತವಿಲ್ಲ, ಚೀರಾಟವಿಲ್ಲ. ಅವರು ಓದಿ ಮುಗಿಸಿದಾಗ ಹಾಲ್‌ನಲ್ಲಿದ್ದ ಎಲ್ಲರೂ ಮನಸ್ಸಿನೊಳಗೇ ಕುರ್ಚಿ ಎಣಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ನನ್ನ ಸರದಿ ಊಟಕ್ಕೆ ಮುಂಚೆ ಬಂತು.

ನನ್ನ ಕತೆ ಅತ್ತೆಯ ಬೀಸುಕಲ್ಲಿನದು. ನಮ್ಮ ಮನೆ ಹಳೆ ಬಾಗಲಕೋಟೆಯಲ್ಲಿ ಘಟಪ್ರಭಾ ಹೊಳೆಯ ಕಡೆಗೆ ಇತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ನಾವು ನವನಗರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಜಂತಿ, ಬಾಗಿಲು, ಕಿಟಕಿ ಬಿಚ್ಚಿ ತಂದೆವು. ಬೀಸುಕಲ್ಲಿನ ಕೆಳಗಲ್ಲು ನೆಲದಲ್ಲಿ ಹೂತಿದ್ದರಿಂದ ತರಲು ಆಗಲಿಲ್ಲ, ಮೇಲುಗಲ್ಲು ಒಂದೇ ಬಂತು. ಮುಂದೆ ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ಅತ್ತೆ ಹಟ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗೆಂದರು. ಹೋದೆವು. ಗೋಡೆಗಳು ಮೊಳಕಾಲಷ್ಟು ಉಳಿದಿದ್ದವು, ಪಡಸಾಲೆಯ ಮೇಲೆ ಒಣಗಿದ ಕೆಸರು ಹಪ್ಪಳದ ಹಾಗೆ ಬಿರಿದಿತ್ತು. ಅಡುಗೆಮನೆ ಇದ್ದ ಜಾಗದಲ್ಲಿ ಅತ್ತೆ ಕುಳಿತು ಸೆರಗಿನ ತುದಿಯಿಂದ ಕೆಸರು ಒರೆಸಿದರು. ಕೆಳಗಲ್ಲು ಹಾಗೆಯೇ ಇತ್ತು. ಅದರ ನಡುವಿನ ಗೂಟದ ತೂತಿನಲ್ಲಿ ಒಂದು ಸಣ್ಣ ಮೀನು ಒಣಗಿ ಅಂಟಿಕೊಂಡಿತ್ತು. ಅತ್ತೆ ಅದನ್ನು ಉಗುರಿನಿಂದ ಬಿಡಿಸಿ ತೆಗೆದು, ತೂತಿನಲ್ಲಿ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಆ ಮಳೆಗಾಲದಲ್ಲೇ ತೀರಿಕೊಂಡರು.

ಕತೆಯಲ್ಲಿ ನಾನು ಬರೆದದ್ದು ಅದರ ಮುಂದಿನದು. ನವನಗರದ ಮನೆಯಲ್ಲಿ ನಸುಕಿನ ನಾಲ್ಕು ಗಂಟೆಗೆ ಬೀಸುವ ಸಪ್ಪಳ ಬರುತ್ತದೆ. ಸೊಸೆ ಎದ್ದು ನೋಡಿದರೆ ಯಾರೂ ಇಲ್ಲ. ಆದರೆ ಡಬ್ಬಿಯಲ್ಲಿ ಹಿಟ್ಟು ಒಂದು ಬೊಗಸೆ ಹೆಚ್ಚಾಗಿರುತ್ತದೆ, ರೊಟ್ಟಿ ತಟ್ಟುವಾಗ ಅದರಿಂದ ಹೊಳೆಯ ಕೆಸರಿನ ವಾಸನೆ ಏಳುತ್ತದೆ.

ಓದಿ ಮುಗಿಸಿದ ಮೇಲೆ ಆ ನರ್ಸ್ ನನ್ನ ಹಾಳೆ ಇಸಿದುಕೊಂಡು ಕೆಲವು ಮಾತುಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತ ಹೋದರು. ಹದಿನಾಲ್ಕು ಕಡೆ ಹಾಕಿದರು. ‘ನೀವು ಭಯಂಕರ, ಘೋರ ಅಂತ ಬರದಲ್ಲೆಲ್ಲ ನನಗ ಹೆದರಿಕಿ ಹೋತ್ರಿ ಅಕ್ಕಾರ. ಹಿಟ್ಟು ಬೊಗಸಿಯಷ್ಟು ಹೆಚ್ಚಾತು ಅಂದ್ರಲ್ಲ, ಅಲ್ಲಿ ಮೈಮ್ಯಾಲೆ ಮುಳ್ಳೆದ್ದುವು’ ಎಂದರು. ಆಸ್ಪತ್ರೆಯಲ್ಲೂ ಹೀಗೇ ಎಂದು ಆಕೆ ಹೇಳಿದರು. ರಾತ್ರಿ ಪಾಳಿಯಲ್ಲಿ ನಿಜವಾಗಿ ಎದೆ ಝಲ್ಲೆನ್ನುವುದು ಕೂಗಾಟಕ್ಕಲ್ಲವಂತೆ, ದಿನಾ ಕೆಮ್ಮುವ ಅಜ್ಜ ಕೆಮ್ಮದೆ ಇದ್ದಾಗಲಂತೆ. ನನಗೆ ಅದು ಥಟ್ಟನೆ ತಿಳಿಯಿತು. ಕುಬಸದಲ್ಲಿಯೂ ಹೊಲಿಗೆ ಕಾಣಬಾರದು, ಮೈಗೆ ಕೂಡಬೇಕು. ಆ ಹದಿನಾಲ್ಕು ಮಾತನ್ನೂ ಅಲ್ಲೇ ಕುಳಿತು ಹೊಡೆದುಹಾಕಿದೆ. ಮೂವತ್ತು ವರ್ಷದಲ್ಲಿ ನನ್ನ ಬರವಣಿಗೆಯನ್ನು ಯಾರಾದರೂ ಅಷ್ಟು ಲಕ್ಷ್ಯ ಕೊಟ್ಟು ಓದಿದ್ದು ಅದೇ ಮೊದಲು.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ನನ್ನ ಗಡಿಗೆಯ ಮೊಸರು. ಊಟದ ಮೇಲೆ ಇಂಗ್ಲಿಷ್ ಮೇಷ್ಟ್ರು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗುತ್ತಿಲ್ಲ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಎಂಬ ಬೆಂಕಿಗುಡ್ಡ ಸಿಡಿಯಿತು. ಅದರ ಧೂಳು ಆಕಾಶಕ್ಕೆ ಏರಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಯಿತು, ಜನ ಹಸಿದರು. ಆ 1816ರಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಐದು ಜನ ಮಳೆಗೆ ಸಿಕ್ಕಿ ಒಳಗೇ ಕುಳಿತಿದ್ದರು. ಕವಿ ಬೈರನ್, ಅವನ ವೈದ್ಯ ಪೊಲಿಡೊರಿ, ಕವಿ ಶೆಲ್ಲಿ, ಅವನ ಸಂಗಾತಿ ಮೇರಿ, ಮೇರಿಯ ಮಲತಂಗಿ ಕ್ಲೇರ್. ನಾವೆಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ ಎಂದು ಬೈರನ್ ಹೇಳಿದ. ಮೇರಿಗೆ ಆಗ ಹದಿನೆಂಟು ವರ್ಷ. ದಿನಾ ಮುಂಜಾನೆ ‘ಕತೆ ಹೊಳೆಯಿತೇ’ ಎಂದು ಕೇಳುತ್ತಿದ್ದರಂತೆ, ಇಲ್ಲ ಎನ್ನಬೇಕಾಗುತ್ತಿತ್ತಂತೆ. ಕೊನೆಗೆ ಅವಳು ಬರೆದದ್ದೇ ಸತ್ತ ದೇಹದ ತುಂಡುಗಳಿಂದ ಜೀವ ಹುಟ್ಟಿಸಿದ ಫ್ರಾಂಕೆನ್‌ಸ್ಟೈನ್‌ನ ಕತೆ. 1818ರಲ್ಲಿ ಐನೂರು ಪ್ರತಿ ಅಚ್ಚಾಯಿತು, ಬರೆದವಳ ಹೆಸರಿಲ್ಲದೆ.

ಇದನ್ನು ಓದಿದವರು ಬಹಳ ಜನ ಇದ್ದಾರು. ಮೇಷ್ಟ್ರು ಮುಂದೆ ಹೇಳಿದ್ದು ಮಾತ್ರ ನಾನು ಎಲ್ಲೂ ಕೇಳಿರಲಿಲ್ಲ. ಆ ಮಳೆಯ ಬೇಸಿಗೆಯ ಹಿಂದಿನ ವರ್ಷ, 1815ರಲ್ಲಿ, ಮೇರಿ ದಿನ ತುಂಬದೆ ಹುಟ್ಟಿದ ಹೆಣ್ಣುಕೂಸನ್ನು ಕಳೆದುಕೊಂಡಿದ್ದಳು. ಕೂಸು ಸತ್ತಿರಲಿಲ್ಲ, ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ತಿಕ್ಕಿದೆವು, ಬದುಕಿತು ಎಂದು ಕನಸು ಕಂಡು ಅದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಳು. ಮೇಷ್ಟ್ರು ಇಷ್ಟು ಹೇಳಿ ನೀರು ಕುಡಿಯಲು ನಿಂತರು. ನನ್ನ ಪಕ್ಕದ ಹೆಣ್ಣುಮಗಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾವಿಬ್ಬರೂ ಏನೂ ಮಾತಾಡಲಿಲ್ಲ.

ಸಿಂದಗಿ ಕಡೆಯ ಯಜಮಾನರು ಆಗ ಎದ್ದು ನಿಂತು, ಅಷ್ಟು ದೂರ ಯಾಕೆ, ನಮ್ಮ ಮುಧೋಳಕ್ಕೆ ಬನ್ನಿ ಎಂದರು. ರನ್ನ ನಮ್ಮ ಬಾಗಲಕೋಟೆ ಜಿಲ್ಲೆಯವನು, ಬಳೆಗಾರರ ಮನೆಯ ಮಗ, ನಮ್ಮ ಘಟಪ್ರಭೆಯ ನೀರನ್ನೇ ಕುಡಿದವನು. ಸಾವಿರ ವರ್ಷದ ಹಿಂದೆ ಅವನು ಬರೆದ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ, ರಣರಂಗದ ಮರುಳುಗಳು, ಅಂದರೆ ದೆವ್ವಗಳು, ಅವನನ್ನು ಮಾತಾಡಿಸಿ ಮೂದಲಿಸುತ್ತವೆ. ತಮ್ಮನ, ಮಗನ, ಗೆಳೆಯನ ಹೆಣ ದಾಟಿ ಬಂದವನು ಕೊನೆಗೆ ಸರೋವರದಲ್ಲಿ ಮುಳುಗಿ ಕೂಡುತ್ತಾನೆ. ದಂಡೆಯಿಂದ ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ಶಾಲೆಯಲ್ಲಿ ಇದನ್ನು ವೀರರಸ ಎಂದು ಓದಿದ್ದೆ. ಆ ದಿನ ಆ ಹಾಲ್‌ನಲ್ಲಿ ಯಜಮಾನರು ಪುಸ್ತಕವಿಲ್ಲದೆ ಪದ್ಯ ಹೇಳಿದಾಗ ನನಗೆ ಕೇಳಿಸಿದ್ದು ಭಯ. ದೆವ್ವದ ಕತೆ ಕನ್ನಡಕ್ಕೆ ಪಟ್ಟಣದಿಂದ ಬಂದ ಹೊಸ ಚಟ ಎನ್ನುವವರು ಮುಧೋಳದ ಆ ಮಗನನ್ನು ಮತ್ತೊಮ್ಮೆ ಓದಬೇಕು. ಪ್ರತಿ ಸಲ ರನ್ನ ವೈಭವ ಉತ್ಸವ ನಡೆದಾಗ ಮೆರವಣಿಗೆ, ಕುಸ್ತಿಯ ಜೊತೆಗೆ ಒಂದು ರಾತ್ರಿ ಆ ಮರುಳುಗಳ ಪದ್ಯಗಳನ್ನು ಜೋರಾಗಿ ಓದಿಸಿದರೆ ಎಷ್ಟು ಚೆನ್ನ.

ಸಂಜೆ ಒಂದು ಜಗಳವೂ ಆಯಿತು. ನಿವೃತ್ತ ಮಾಸ್ತರರೊಬ್ಬರು, ನೀವೆಲ್ಲ ಸೇರಿ ಮೂಢನಂಬಿಕೆಗೆ ನೀರೆರೆಯುತ್ತಿದ್ದೀರಿ ಎಂದರು. ವಾಮಾಚಾರ, ಅಮಾನವೀಯ ಆಚರಣೆ ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು, 2020ರಿಂದ ಅದು ಜಾರಿಯಲ್ಲಿದೆ, ಅಂಥ ಕಾಲದಲ್ಲಿ ಇದು ಬೇಕೇ ಎಂದು ಕೇಳಿದರು. ಅವರ ಕಳಕಳಿ ನಿಜವಾದದ್ದು, ನನಗೆ ಸಿಟ್ಟು ಬರಲಿಲ್ಲ. ನಾನು ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ವಿಧವೆಯನ್ನು ಮಾಟ ಮಾಡುತ್ತಾಳೆಂದು ದೂರವಿಟ್ಟಿದ್ದರು. ಅವಳ ಅಂಗಳದಲ್ಲಿ ಬಿದ್ದ ಚೆಂಡನ್ನು ನಾವು ಮಕ್ಕಳು ತರಲು ಹೋಗುತ್ತಿರಲಿಲ್ಲ, ಅವಳೇ ತಂದು ಬೇಲಿಯ ಮೇಲಿಟ್ಟು ಹೋಗುತ್ತಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಅದಕ್ಕೇ ನನ್ನ ಯಾವ ಕತೆಯಲ್ಲೂ ಮಾಟಗಾತಿ ಇಲ್ಲ, ಇರುವುದೂ ಇಲ್ಲ. ಆ ಹೆಣ್ಣುಮಗಳಿಗೆ ಕೇಡು ಮಾಡಿದವರು ಕತೆ ಹೇಳುತ್ತಿರಲಿಲ್ಲ, ಸುಳ್ಳನ್ನು ನಿಜವೆಂದು ಹೇಳುತ್ತಿದ್ದರು. ಕತೆ ಓದುವವನಿಗೆ ಇದು ಕತೆ ಎಂದು ಮೊದಲ ಸಾಲಿಗೇ ಗೊತ್ತಿರುತ್ತದೆ. ನಾನು ಇದನ್ನು ಎದ್ದು ನಿಂತು ಹೇಳಿದೆ. ಸಭೆಯಲ್ಲಿ ನಾನು ಹಿಂದೆಂದೂ ಮಾತಾಡಿದವಳಲ್ಲ.

ಮಾತು ವಿಜಯಪುರದ ಸಾಠ್ ಕಬರ್ ಎಂಬ ಗೋರಿಗಳ ಕಡೆಗೂ ಹೊರಳಿತು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್, ತಿರುಗಿ ಬರುವುದಿಲ್ಲವೆಂಬ ಜೋಯಿಸರ ಮಾತು ಕೇಳಿ ತನ್ನ ಅರವತ್ತಮೂರು ಹೆಂಡಂದಿರನ್ನು ಬಾವಿಗೆ ನೂಕಿ ಕೊಂದನೆಂದು ಜನ ಹೇಳುತ್ತಾರೆ. ಜನ ಹೇಳುವುದು ಎಷ್ಟು ನಿಜವೋ, ಸಾಲು ಸಾಲು ಗೋರಿಗಳು ಮಾತ್ರ ಕಣ್ಣೆದುರಿಗಿವೆ. ಪ್ರತಾಪಗಡದಲ್ಲಿ ಸತ್ತ ಅಫ್ಜಲ್ ಖಾನನೂ ತಿರುಗಿ ಬರಲಿಲ್ಲ. ಈಗ ಹುಡುಗರು ಅಲ್ಲಿಗೆ ರಾತ್ರಿ ಹೋಗಿ ಮೊಬೈಲು ಹಿಡಿದು ಚೀರುತ್ತ ರೀಲ್ಸ್ ಮಾಡುತ್ತಾರಂತೆ. ನರ್ಸ್ ಬಾಯಿ ಇದಕ್ಕೆ ಬಹಳ ನೊಂದುಕೊಂಡರು. ‘ಆ ಹೆಣಮಕ್ಕಳ್ನ ಒಮ್ಮಿ ಕೊಂದಿದ್ದು ಸಾಕ್ರಿ’ ಎಂದರು. ಅಲ್ಲಿ ಬರೆಯಲಿಕ್ಕೆ ಕತೆ ಇದ್ದರೆ ಅದು ಸರದಿಯಲ್ಲಿ ನಲವತ್ತನೆಯವಳಾಗಿ ನಿಂತವಳ ಕತೆ ಎಂದರು. ನಾವು ಯಾರೂ ಅದನ್ನು ಬರೆಯುವಷ್ಟು ಇನ್ನೂ ಕಲಿತಿಲ್ಲ ಎಂದು ನನಗನಿಸಿತು.

ಭಾನುವಾರ ನಸುಕಿನಲ್ಲಿ ಹದಿನೈದು ಜನ ಗೋಳಗುಮ್ಮಟಕ್ಕೆ ಹೋದೆವು. ಹೊತ್ತೇರಿದರೆ ಮಂದಿ ಬಂದು ಕೂಗುತ್ತಾರೆ, ಏನೂ ಕೇಳಿಸುವುದಿಲ್ಲ. ಮೂಲೆಯ ಗೋಪುರದ ಸುತ್ತು ಮೆಟ್ಟಿಲುಗಳನ್ನು ಮೊಳಕಾಲು ಹಿಡಿದುಕೊಂಡು ಹತ್ತಿದೆ. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರು. ಪಿಸುಗುಟ್ಟುವ ಗ್ಯಾಲರಿಯ ಗೋಡೆಗೆ ಕಿವಿ ಕೊಟ್ಟು ಕುಳಿತರೆ ಆಚೆ ಬದಿಯವರ ಉಸಿರೂ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತದೆ. ಒಬ್ಬೊಬ್ಬರ ಕತೆಯಿಂದ ಒಂದೊಂದೇ ಸಾಲನ್ನು ಇನ್ನೊಬ್ಬರು ಆಚೆಯಿಂದ ಹೇಳುವುದೆಂದು ಮಾತಾಗಿತ್ತು. ನಾನು ಕಣ್ಣು ಮುಚ್ಚಿ ತಣ್ಣನೆಯ ಗೋಡೆಗೆ ಕೆನ್ನೆ ಹಚ್ಚಿದೆ. ಎಲ್ಲೋ ಪಾರಿವಾಳ ರೆಕ್ಕೆ ಬಡಿಯಿತು. ಆಮೇಲೆ ಕಲ್ಲಿನೊಳಗಿಂದ, ನನ್ನ ಕಿವಿಗೆ ಬೆರಳಷ್ಟು ದೂರದಿಂದ, ‘ನೀರು ಏರಿದ ಮ್ಯಾಲೂ ಅತ್ತಿ ಬೀಸೋದು ಬಿಡಲಿಲ್ಲ’ ಎಂದಿತು. ಆ ಕಾಲೇಜು ಹುಡುಗಿ ಹೇಳಿದ್ದು, ನನಗೆ ಗೊತ್ತು. ಆದರೂ ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ನಾನು ಬರೆದ ಸಾಲು ನನ್ನದಾಗಿ ಉಳಿದಿರಲಿಲ್ಲ, ಅತ್ತೆಯ ಊರಿನದಾಗಿತ್ತು.

ಮಧ್ಯಾಹ್ನ ಪುಸ್ತಕ ಅಚ್ಚು ಹಾಕಿಸುವ ಖರ್ಚು, ಮಾರಾಟದ ಮಾತುಗಳು ನಡೆದವು. ಮೂರು ಗಂಟೆಯ ಬಸ್ಸಿಗೆ ಹೊರಟೆ.

ಸಂಪಾದಕರೇ, ಈಗ ನನ್ನ ಬೇಡಿಕೆ. ಹಳೆ ಬಾಗಲಕೋಟೆಯ ಮನೆಗಳನ್ನು ಸರ್ವೆ ಮಾಡಲು ಬಂದವರು ಗೋಡೆ ಅಳೆದರು, ಜಂತಿ ಎಣಿಸಿದರು, ಹಿತ್ತಲಿನ ಬೇವಿನ ಗಿಡ, ಬಾವಿ ಎಲ್ಲ ಬರೆದುಕೊಂಡರು. ಅದು ಅವರ ಕೆಲಸ, ಸರಿಯಾಗಿಯೇ ಮಾಡಿದರು. ನಮ್ಮ ಓಣಿಯ ಬಾವಿಯಲ್ಲಿ ಒಬ್ಬಳು ಮದುಮಗಳು ಇದ್ದಳು. ಅತ್ತೆ ಹೇಳುತ್ತಿದ್ದ ಕತೆ. ಅವಳು ಯಾರಿಗೂ ಏನೂ ಮಾಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ನೀರಿಗೆ ಹೋದ ಹೆಂಗಸರನ್ನು ‘ನಮ್ಮಪ್ಪ ಬಂದಾನೇನು ಕರಿಯಾಕ?’ ಎಂದು ಕೇಳುತ್ತಾಳೆ. ಅಷ್ಟೇ. ಅವಳು ಯಾಕೆ ಬಾವಿಗೆ ಬಿದ್ದಳು, ಯಾರ ಮನೆಯ ಸೊಸೆ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಪೊಲೀಸರ ಕಾಗದದಲ್ಲಿ ಇಲ್ಲ, ಮನೆತನದ ಲೆಕ್ಕದಲ್ಲಿ ಇಲ್ಲ. ಆ ಹುಡುಗಿ ಇದ್ದಳು ಎಂಬುದಕ್ಕೆ ಉಳಿದ ಗುರುತು ಆ ದೆವ್ವದ ಕತೆ ಒಂದೇ. ಬಾವಿ ನೀರಿನಡಿ ಹೋಯಿತು. ಓಣಿಯವರು ಸೆಕ್ಟರ್‌ಗಳಲ್ಲಿ ಚದುರಿದೆವು. ಈಗ ಅವಳ ಮಾತು ಗೊತ್ತಿರುವವರು ನನಗೆ ತಿಳಿದಂತೆ ಮೂವರು, ಅವರಲ್ಲಿ ನಾನೇ ಕಿರಿಯಳು.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟು ಇಂದು ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ನೀರು ಹಿಡಿಯುತ್ತದೆ. ಅದರಿಂದ ಎಷ್ಟೋ ಹೊಲ ಹಸಿರಾಗಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು 524.256 ಮೀಟರ್‌ಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದರೆ ಇನ್ನಷ್ಟು ಹಳ್ಳಿಗಳು ಎದ್ದು ಬರಬೇಕು. ಆ ಹಳ್ಳಿಗಳಲ್ಲಿ ಬಾವಿಗಳಿವೆ, ಹುಣಸೆ ಗಿಡಗಳಿವೆ, ಅಮಾವಾಸ್ಯೆಗೆ ಕೊಳ್ಳಿದೆವ್ವ ಕಾಣುವ ಹೊಲದ ಬದುವುಗಳಿವೆ, ಅವುಗಳ ಹಿಂದೆ ಹೀಗೆ ಸತ್ತವರಿದ್ದಾರೆ. ನೀರು ಬರುವ ಮೊದಲು ಅವನ್ನು ಬರೆದಿಡಬೇಕು. ನಿಮ್ಮ ಭಾನುವಾರದ ಪುರವಣಿಯಲ್ಲಿ ಅಡುಗೆಗೆ, ರಾಶಿಫಲಕ್ಕೆ, ಸಿನಿಮಾಕ್ಕೆ ಪುಟವಿದೆ. ತಿಂಗಳಿಗೆ ಒಂದು ಸಲ ಅರ್ಧ ಪುಟವನ್ನು ಈ ಕತೆಗಳಿಗೆ ಕೊಡಿ. ಅಮಾವಾಸ್ಯೆಯ ವಿಶೇಷ ಎಂದು ತಲೆಬುರುಡೆಯ ಚಿತ್ರ ಹಾಕಿ ಕೊಡಬೇಡಿ. ಊರಿನ ಹೆಸರು, ಹೇಳಿದವರ ವಯಸ್ಸು ಹಾಕಿ, ಅವರು ಹೇಳಿದ ಮಾತಿನಲ್ಲೇ ಅಚ್ಚು ಮಾಡಿ. ಸತ್ತವಳ ಮನೆತನದ ಹೆಸರು ಮಾತ್ರ ಬೇಡ, ಆ ಮನೆಯ ಮೊಮ್ಮಕ್ಕಳು ಇಲ್ಲೇ ಬದುಕುತ್ತಿದ್ದಾರೆ. ಬರೆಯುವವರು ನಾವು ಇಪ್ಪತ್ತಾರು ಜನ ಇದ್ದೇವೆ. ನಮಗೆ ಕಾಸು ಬೇಡ.

ನಾನಂತೂ ಶುರು ಮಾಡಿದ್ದೇನೆ. ನೀರು ಏರಿದರೆ ಮುಳುಗುವ ಹಳ್ಳಿಯೊಂದರಿಂದ ನನ್ನ ಬಳಿ ಕುಬಸ ಹೊಲಿಸಲು ಬರುವ ಅಜ್ಜಿಯೊಬ್ಬರಿದ್ದಾರೆ. ಹೊಲಿಗೆಯ ಅಳತೆ ತೆಗೆದುಕೊಳ್ಳುವಾಗ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಹಳೇ ಬಾವ್ಯಾಗ ಒಂದ್ ಐತೆವ್ವಾ, ಅಮಾಸಿ ಮುಂದ ಹೇಳಂಗಿಲ್ಲ, ಅಮಾಸಿ ಕಳದ ಮ್ಯಾಲ ಬಾ’ ಎಂದರು. ಅಮಾವಾಸ್ಯೆ ಬರುವ ಮಂಗಳವಾರ. ಬುಧವಾರ ಅಂಗಡಿ ಮುಚ್ಚಿ, ಅಳತೆ ಪುಸ್ತಕ ತೆಗೆದುಕೊಂಡು ಮೊದಲ ಬಸ್ಸಿಗೆ ಹೋಗುತ್ತೇನೆ.

ಇಂತಿ,
ಕುಬಸ ಹೊಲಿಯುವ ಒಬ್ಬ ಹೆಣ್ಣುಮಗಳು
ನವನಗರ, ಬಾಗಲಕೋಟೆ
(ಹೆಸರು ಪ್ರಕಟಿಸುವುದು ಬೇಡವೆಂದು ಕೋರಿಕೆ)